ಕೆಮಿಕಲ್ ಪ್ಲಾಂಟ್‌ನಲ್ಲಿ ಮೊದಲು ಯಾವ ಅಪಾಯಕ್ಕೆ ಕೈ ಹಾಕಬೇಕು?

ಬೀದರ್‌ನ ಕೊಳಾರ, ಬೈಕಂಪಾಡಿ, ನಂಜನಗೂಡು ಕಡೆಯ ಕೆಮಿಕಲ್ ಕಾರ್ಖಾನೆಗಳಲ್ಲಿರುವ ಗೆಳೆಯರಿಗೆ ಒಂದು ಸಲಹೆ. ಸೇಫ್ಟಿ ಕಮಿಟಿ ಪಟ್ಟಿ ಮಾಡುವಾಗ ಪದೇ ಪದೇ ಆಗುವ ಸಣ್ಣಪುಟ್ಟ ಗಾಯಗಳೇ ಮೇಲೆ ಬರುತ್ತವೆ. ಅವೂ ಮುಖ್ಯವೇ. ಆದರೆ ದುಡ್ಡು, ಗಮನ ಎರಡೂ ಮೊದಲು ಹೋಗಬೇಕಾದ್ದು ಅಪರೂಪಕ್ಕೆ ಆದರೂ ಜೀವವನ್ನೇ ತೆಗೆಯುವಂಥ ಕೆಲಸಗಳ ಕಡೆಗೆ.

ನನ್ನ ಪ್ರಕಾರ ಮೊದಲ ಸ್ಥಾನ ಟ್ಯಾಂಕ್, ರಿಯಾಕ್ಟರ್, ಇಟಿಪಿ (ಕೊಳಚೆ ನೀರು ಸಂಸ್ಕರಿಸುವ ಘಟಕ) ಗುಂಡಿಗೆ ಇಳಿಯುವುದಕ್ಕೆ. ಒಳಗಿನ ಆಮ್ಲಜನಕವನ್ನು ಹೊರದೂಡಿ ಉಸಿರುಗಟ್ಟಿಸುವ ನೈಟ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯಂತೆ ನಾರುತ್ತದೆ ನಿಜ, ಆದರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಆಸುಪಾಸಿಗೆ ಬರುವಷ್ಟರಲ್ಲಿ ಮೂಗೇ ಮರಗಟ್ಟಿ ಏನೂ ತಿಳಿಯುವುದಿಲ್ಲ. ಹಾಗಾಗಿ ಗ್ಯಾಸ್ ಅಳೆಯುವ ಮೀಟರ್ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ನೋಡಿ. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆಯಿದ್ದರೆ ಯಾರನ್ನೂ ಇಳಿಸಬೇಡಿ. ನೈಟ್ರೋಜನ್ ಲೈನಿನ ವಾಲ್ವ್ ಮುಚ್ಚಿದರಷ್ಟೇ ಸಾಲದು, ಬ್ಲೈಂಡ್ (ಪೈಪನ್ನು ಪೂರ್ತಿ ಮುಚ್ಚುವ ಲೋಹದ ತಟ್ಟೆ) ಹಾಕಿಸಿ. ಒಳಗೆ ಬಿದ್ದವನನ್ನು ಎತ್ತಲು ಹಾಗೇ ಜಿಗಿದವರೂ ಸಾಯುತ್ತಾರೆ, ಇದೇ ನನ್ನನ್ನು ಹೆಚ್ಚು ಕಾಡುವುದು. ಹೊರಗಿನಿಂದಲೇ ಎಳೆದೆತ್ತಲು ಟ್ರೈಪಾಡ್, ಹಾರ್ನೆಸ್ ಮೊದಲೇ ಟ್ಯಾಂಕಿನ ಬಾಯಿಯ ಬಳಿ ಸಿದ್ಧವಿರಲಿ.

ಆಮೇಲೆ ಟಾಲುಯಿನ್‌ನಂಥ, ಬೇಗ ಹೊತ್ತಿಕೊಳ್ಳುವ ಸಾಲ್ವೆಂಟ್ ಸುರಿಯುವ ಜಾಗ; ಸುರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿಯೇ ಸಾಕು. ಅರ್ಥಿಂಗ್ ಕ್ಲಿಪ್ ಡ್ರಮ್ಮಿನ ಬಣ್ಣದ ಮೇಲೆ ಕೂತಿದ್ದರೆ ಪ್ರಯೋಜನವಿಲ್ಲ, ಲೋಹಕ್ಕೇ ಕಚ್ಚಿರಬೇಕು.

ಮಾಸ್ಕ್, ಗ್ಲೌಸ್ ಬೇಕೇ ಬೇಕು, ಆದರೆ ಅವು ಕೊನೆಯ ರಕ್ಷಣೆ. ಅದಕ್ಕೂ ಮುಂಚೆ ಅಪಾಯಕಾರಿ ದಾಸ್ತಾನು ಇಳಿಸಿ. 1984ರ ಭೋಪಾಲದಲ್ಲಿ ವಿಷಾನಿಲದ ಟ್ಯಾಂಕನ್ನು ತಂಪಾಗಿಡುವ ಯಂತ್ರ ನಿಂತಿತ್ತು, ಸೋರಿದ ಅನಿಲವನ್ನು ಸುಡುವ ಫ್ಲೇರ್‌ನ ಪೈಪ್ ಬಿಚ್ಚಿಟ್ಟಿದ್ದರು. ನಿಮ್ಮಲ್ಲಿ ರಿಪೇರಿ ಹೆಸರಲ್ಲಿ ಬೈಪಾಸ್ ಆಗಿರುವ ಇಂಟರ್‌ಲಾಕ್ (ಅಪಾಯ ಬಂದಾಗ ತಾನಾಗಿ ಯಂತ್ರ ನಿಲ್ಲಿಸುವ ವ್ಯವಸ್ಥೆ), ಅಲಾರಂಗಳನ್ನು ಈ ವಾರವೇ ಪಟ್ಟಿ ಮಾಡಿ ಮ್ಯಾನೇಜರ್ ಸಹಿ ಹಾಕಿಸಿ.