ನಲವತ್ತು ಆಂಪ್ಲಿ, ಒಂದೇ ಟೆಸ್ಟ್ ಬೆಂಚು

ಮೈಕಿನವರಿಗೆ ಆಂಪ್ಲಿಫೈಯರ್ ಮಾಡಿಕೊಡುವುದು ನನ್ನ ಕೆಲಸ. 2021ರ ಅಕ್ಟೋಬರಿನಲ್ಲಿ ನನ್ನ ಫೋನಿಗೆ ಬಿಡುವೇ ಇರಲಿಲ್ಲ. ಅದರ ಹಿಂದೆ ಯಕ್ಷಗಾನ ಮೇಳಗಳ ಎರಡು ತಿರುಗಾಟಗಳೂ ಅರ್ಧಕ್ಕೆ ನಿಂತಿದ್ದವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್, ಮರುವರ್ಷ ಏಪ್ರಿಲಿನಲ್ಲಿ ಎರಡನೇ ಅಲೆ. ಹರಕೆ ಆಟ, ಬ್ರಹ್ಮಕಲಶ, ಮದುವೆ, ಶಾಲೆಯ ವಾರ್ಷಿಕೋತ್ಸವ ಎಲ್ಲವೂ ಬಾಕಿ ಬಿದ್ದಿದ್ದವು. ದೀಪಾವಳಿ ಕಳೆದ ಮೇಲೆ ಮೇಳಗಳು ಗೆಜ್ಜೆ ಕಟ್ಟುವುದು ಖಚಿತ ಎಂದು ಗೊತ್ತಾದದ್ದೇ ತಡ, ಕುಂದಾಪುರದಿಂದ ಕಾರ್ಕಳದವರೆಗಿನ ಮೈಕಿನವರೆಲ್ಲ ಒಟ್ಟಿಗೇ ಎದ್ದು ಕೂತರು.

"ಅಣ್ಣ, ಎರಡು ವರ್ಷ ಸೆಟ್ಟು ಮೂಲೆಯಲ್ಲಿ ಇಟ್ಟಿದ್ದೆ. ವಯರೆಲ್ಲ ಇಲಿ ತಿಂದಿದೆ, ಬೋರ್ಡು ಹಸಿರು ಹಿಡಿದಿದೆ. ರಿಪೇರಿ ಬೇಡ ಮಾರಾಯ್ರೆ, ಹೊಸತೇ ಕೊಡಿ" ಎಂದರು ಒಬ್ಬರು. ಅಂಥ ಮಾತು ಆ ತಿಂಗಳಲ್ಲಿ ಎಷ್ಟು ಸಲ ಕೇಳಿದೆನೋ. ತಿಂಗಳು ಮುಗಿಯುವಾಗ ಪುಸ್ತಕದಲ್ಲಿ ನಲವತ್ತು ಆಂಪ್ಲಿಫೈಯರುಗಳ ಆರ್ಡರ್ ಇತ್ತು. ನಾವು ತಿಂಗಳಿಗೆ ಮಾಡುತ್ತಿದ್ದದ್ದು ಹತ್ತು, ಕಷ್ಟಪಟ್ಟರೆ ಹನ್ನೆರಡು.

ನಾನು ಈ ಕೆಲಸ ಶುರು ಮಾಡಿದ್ದು 2009ರಲ್ಲಿ, ಮನೆಯ ಹಿಂದಿನ ಅಡಿಕೆ ತುಂಬುವ ಕೋಣೆಯಲ್ಲಿ. ಅದಕ್ಕೆ ಮೊದಲು ರಿಪೇರಿ ಮಾಡಿಕೊಂಡಿದ್ದೆ. ರಿಪೇರಿಗೆ ಬಂದ ಸೆಟ್ಟುಗಳೇ ನನ್ನ ಪಾಠಶಾಲೆ. ಎಲ್ಲಿ ಸುಡುತ್ತದೆ, ಯಾಕೆ ಸುಡುತ್ತದೆ ಎನ್ನುವುದು ನೂರಾರು ಮುಚ್ಚಳ ಬಿಚ್ಚಿದ ಮೇಲೆ ಕೈಗೆ ತಿಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಸುಡುವುದಕ್ಕೆ ಮುಖ್ಯ ಕಾರಣ ರಾತ್ರಿಯ ವೋಲ್ಟೇಜು. ಸಂಜೆ ಏಳಕ್ಕೆ ಎಲ್ಲರ ಮನೆಯ ದೀಪ, ಮಿಕ್ಸಿ, ಪಂಪು ಎಲ್ಲ ಓಡುವಾಗ ಹಳ್ಳಿಯ ಲೈನಿನಲ್ಲಿ 180 ಸಿಕ್ಕರೆ ಪುಣ್ಯ. ರಾತ್ರಿ ಎರಡು ಗಂಟೆಗೆ ಊರೆಲ್ಲ ಮಲಗಿ, ಆಟದ ಬಯಲಿನಲ್ಲಿ ಮಾತ್ರ ದೀಪ ಉರಿಯುವಾಗ ಅದೇ ಲೈನು 265, 270 ತೋರಿಸುತ್ತದೆ.

ನಮ್ಮ ಚಿಕ್ಕ ಮಾಡೆಲ್ಲು 150 ಪ್ಲಸ್ 150 ವಾಟಿನದು. ಟ್ರಾನ್ಸ್‌ಫಾರ್ಮರಿನಿಂದ 40-0-40 ವೋಲ್ಟ್ ಬರುತ್ತದೆ, ರೆಕ್ಟಿಫೈ ಆಗಿ ಡಿಸಿಯಾದ ಮೇಲೆ ಪ್ಲಸ್ ಮೈನಸ್ 56ರ ಹತ್ತಿರ. ಅದಕ್ಕೆ 63 ವೋಲ್ಟಿನ ಕೆಪಾಸಿಟರ್ ಸಾಕು ಎಂದು ಎಲ್ಲರೂ ಹಾಕುತ್ತಾರೆ, ಮೊದಮೊದಲು ನಾನೂ ಹಾಕಿದ್ದೆ. ಆದರೆ ಲೈನು 270ಕ್ಕೆ ಏರಿದಾಗ ಆ 56 ಎನ್ನುವುದು 65 ದಾಟುತ್ತದೆ. ಕೆಪಾಸಿಟರಿನ ತಲೆ ಉಬ್ಬುತ್ತದೆ, ಒಂದು ದಿನ ಒಡೆಯುತ್ತದೆ. ಮೂರನೇ ವರ್ಷದಿಂದ ನಾನು 80 ವೋಲ್ಟಿನದು, 105 ಡಿಗ್ರಿ ಬಿಸಿ ತಾಳುವುದು ಬಿಟ್ಟು ಬೇರೆ ಮುಟ್ಟಿಲ್ಲ. ಜೋಡಿಗೆ ಖರ್ಚು ಜಾಸ್ತಿ ಬೀಳುತ್ತದೆ, ನಿಜ. ಆದರೆ ನನ್ನ ಹತ್ತಿರ ಬರುವವರು ಬರುವುದೇ ಅದಕ್ಕಾಗಿ.

ಇನ್ನೊಂದು, ಚೆಂಡೆ. ಹಾಡು ಹಾಕುವ ಡೀಜೆ ಸೆಟ್ಟಿಗೂ ಆಟದ ಸೆಟ್ಟಿಗೂ ಇರುವ ವ್ಯತ್ಯಾಸ ಅಲ್ಲಿದೆ. ಭಾಗವತರ ಪದ ನಿಧಾನವಾಗಿ ನಡೆಯುತ್ತಿರುತ್ತದೆ, ಆಂಪ್ಲಿಯಿಂದ ಹೋಗುವ ಶಕ್ತಿ ಐದೋ ಹತ್ತೋ ವಾಟು. ಒಮ್ಮೆಲೇ ಚೆಂಡೆಯ ಪೆಟ್ಟು ಬೀಳುತ್ತದೆ. ಆ ಒಂದು ಕ್ಷಣಕ್ಕೆ ಅದರ ಹತ್ತಾರು ಪಟ್ಟು ಶಕ್ತಿ ಬೇಕು. ಆಗ ಸಪ್ಲೈ ಕುಸಿದರೆ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಕಿವಿಗೆ ಅದು ತಗಡು ಬಡಿದ ಹಾಗೆ ಕೇಳುತ್ತದೆ, ಹಾರ್ನಿನ ಡಯಾಫ್ರಮ್ ಕೂಡ ಸುಡುತ್ತದೆ. ಚೆಂಡೆ ಚೆಂಡೆಯ ಹಾಗೆಯೇ ಕೇಳಬೇಕು, ಅದರ ನಡುವೆ ಪದದ ಸಾಹಿತ್ಯ ಹಿಂದಿನ ಸಾಲಿನ ಅಜ್ಜಿಗೂ ಸ್ಪಷ್ಟವಾಗಬೇಕು. ನಾನು ಕೆಲಸ ಮಾಡುವುದೇ ಆ ಅಜ್ಜಿಗಾಗಿ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಈಗ ಆ ನಲವತ್ತರ ಕಥೆಗೆ ಬರುತ್ತೇನೆ.

ಆರ್ಡರ್ ಬಂದದ್ದು ಎಲ್ಲಕ್ಕಿಂತ ಕೆಟ್ಟ ಸಮಯದಲ್ಲಿ. 2020ರ ಮಾರ್ಚಿನಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ 5,000 ಡಾಲರಿಗಿಂತ ಕೆಳಗಿಳಿದಿದ್ದ ತಾಮ್ರ 2021ರ ಮೇ ಹೊತ್ತಿಗೆ 10,000 ದಾಟಿತ್ತು. ವೈಂಡಿಂಗ್ ವಯರಿನ ಅಂಗಡಿಯವರು "ಈ ರೇಟು ಇವತ್ತಿಗೆ ಮಾತ್ರ" ಎನ್ನುತ್ತಿದ್ದರು. ಐಸಿಗಳು ಜಗತ್ತಿನಲ್ಲೆಲ್ಲ ಸಿಗುತ್ತಿರಲಿಲ್ಲ. ಜಪಾನಿನ ನೊಬೆಓಕಾದಲ್ಲಿ ಆಡಿಯೋ ಚಿಪ್ ಮಾಡುವ ಎಕೆಎಂ ಕಾರ್ಖಾನೆಗೆ 2020ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದದ್ದು ದೊಡ್ಡ ದೊಡ್ಡ ಕಂಪೆನಿಗಳನ್ನೇ ಅಲ್ಲಾಡಿಸಿತ್ತು. ನಮ್ಮದು ಟ್ರಾನ್ಸಿಸ್ಟರಿನ ಹಳೇ ಕ್ರಮದ ಸರ್ಕಿಟ್, ಆ ಚಿಪ್ ನಮಗೆ ಬೇಡ. ಆದರೆ ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್, 5200 ಮತ್ತು 1943 ನಂಬರಿನ ಜೋಡಿ, ಬೇಕೇ ಬೇಕು. ನಾನು ತರಿಸುತ್ತಿದ್ದ ಕಡೆ ಹದಿನಾಲ್ಕು ವಾರ ಕಾಯಿರಿ ಎಂದರು.

ಮೇಳ ಹೊರಡುವುದಕ್ಕೆ ಇದ್ದದ್ದು ಐದು ವಾರ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಒಬ್ಬರು "ಒರಿಜಿನಲ್ಲೇ, ಹಳೇ ಸ್ಟಾಕು" ಎಂದದ್ದನ್ನು ನಂಬಿ ಇನ್ನೂರು ತಂದೆ. ಪ್ರತಿಯೊಂದನ್ನೂ ಮೀಟರಿಗೆ ಹಾಕಿ ಗೇನ್, ಅಂದರೆ ಕರೆಂಟನ್ನು ಎಷ್ಟು ಪಟ್ಟು ಮಾಡುತ್ತದೆ ಎನ್ನುವುದನ್ನು, ನೋಡಿದೆ, ಜೋಡಿ ಸೇರಿಸಿದೆ. ಎಲ್ಲ ಸರಿಯಿತ್ತು. ನಾನು ಮಾಡದೆ ಬಿಟ್ಟದ್ದು ಒಂದೇ, ರಾತ್ರಿಯಿಡೀ ಡಮ್ಮಿ ಲೋಡಿನಲ್ಲಿ, ಅಂದರೆ ಸ್ಪೀಕರಿನ ಬದಲು ದೊಡ್ಡ ರೆಸಿಸ್ಟರಿಗೆ ಜೋಡಿಸಿ, ಓಡಿಸುವ ಪರೀಕ್ಷೆ. ಹತ್ತು ಮಾಡುವಾಗ ಪ್ರತಿಯೊಂದನ್ನೂ ಹನ್ನೆರಡು ಗಂಟೆ ಓಡಿಸುತ್ತಿದ್ದೆ. ಆ ತಿಂಗಳು ಸಮಯವಿಲ್ಲವೆಂದು ಎರಡು ಗಂಟೆಗೆ ಇಳಿಸಿದೆ. ಆ ತೀರ್ಮಾನ ತೆಗೆದುಕೊಂಡ ಸಂಜೆ ನನಗೆ ಇವತ್ತಿಗೂ ನೆನಪಿದೆ.

ಡಿಸೆಂಬರಿನ ಒಂದು ರಾತ್ರಿ, ಒಂದೂವರೆ ಗಂಟೆಗೆ ಫೋನು. "ಅಣ್ಣ, ಬಲಗಡೆ ಬಾಕ್ಸಿನಲ್ಲಿ ಹೊಗೆ ಬಂತು, ಈಗ ಎರಡೂ ಬಂದ್." ನಾನು ಇನ್ನೊಂದು ಆಂಪ್ಲಿ ಕಾರಿಗೆ ಹಾಕಿಕೊಂಡು ಇಪ್ಪತ್ತು ಕಿಲೋಮೀಟರು ಹೋದೆ. ಗದ್ದೆಯಲ್ಲಿ ಆಟ ನಿಂತಿರಲಿಲ್ಲ. ಭಾಗವತರು ಮೈಕಿಲ್ಲದೆ ಪದ ಹೇಳುತ್ತಿದ್ದರು, ಜನ ಕುರ್ಚಿಯನ್ನು ರಂಗಸ್ಥಳದ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದರು. ವಯಸ್ಸಾದ ಭಾಗವತರು ಅವರು, ಸ್ವರ ಎತ್ತಿ ಎತ್ತಿ ಗಂಟಲು ಒಡೆದಿತ್ತು. ಆಂಪ್ಲಿ ಬದಲಿಸಿದ ಮೇಲೆ ನನ್ನ ಕಡೆ ನೋಡಿ ತಲೆ ಆಡಿಸಿದರು, ಅಷ್ಟೇ. ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮರುದಿನ ಸುಟ್ಟ ಟ್ರಾನ್ಸಿಸ್ಟರನ್ನು ವೈಸಿಗೆ ಹಿಡಿದು ಉಳಿಯಿಂದ ಒಡೆದೆ. ಹಿಂದಿನ ವರ್ಷದ ಒಳ್ಳೆಯ ಸ್ಟಾಕಿನದೂ ಒಂದನ್ನು ಒಡೆದು ಪಕ್ಕದಲ್ಲಿಟ್ಟೆ. ಒಳ್ಳೆಯದರ ಒಳಗೆ ಸಿಲಿಕಾನ್ ತುಂಡು ಕಿರುಬೆರಳಿನ ಉಗುರಿನಷ್ಟು ಇತ್ತು, ಇದರಲ್ಲಿ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡದು. ಮೇಲಿನ ಅಕ್ಷರಕ್ಕೆ ಥಿನ್ನರ್ ಹಚ್ಚಿ ಉಜ್ಜಿದರೆ ಬಟ್ಟೆಗೆ ಬಂತು. ಮೀಟರಿನ ಸಣ್ಣ ಕರೆಂಟಿನಲ್ಲಿ ಇವು ಒಳ್ಳೆಯ ಗೇನ್ ತೋರಿಸುತ್ತವೆ. ಹೆಚ್ಚು ವೋಲ್ಟೇಜಿನಲ್ಲಿ ಹೆಚ್ಚು ಕರೆಂಟು ಒಟ್ಟಿಗೇ ಬಿದ್ದ ಕ್ಷಣ, ಅಂದರೆ ಚೆಂಡೆಯ ಪೆಟ್ಟು ಬಿದ್ದಾಗ, ಒಳಗೆ ಒಂದೇ ಬಿಂದುವಿನಲ್ಲಿ ಕರಗಿ ಶಾರ್ಟ್ ಆಗುತ್ತವೆ. ಹನ್ನೆರಡು ಗಂಟೆಯ ಪರೀಕ್ಷೆಯಲ್ಲಿ ಇವು ನನ್ನ ಬೆಂಚಿನ ಮೇಲೆಯೇ ಹೋಗುತ್ತಿದ್ದವು.

ಆಗಲೇ ಇಪ್ಪತ್ತಾರು ಆಂಪ್ಲಿ ಹೊರಗೆ ಹೋಗಿಯಾಗಿತ್ತು. ಎಲ್ಲರಿಗೂ ನಾನೇ ಫೋನು ಮಾಡಿದೆ. ಹಾಳಾಗುವವರೆಗೆ ಕಾಯಬೇಡಿ, ಈಗಲೇ ವಾಪಸು ಕೊಡಿ, ಅಲ್ಲಿಯವರೆಗೆ ಬಾಡಿಗೆಗೆ ಬೇರೆ ಸೆಟ್ಟು ನನ್ನ ಖರ್ಚಿನಲ್ಲಿ ಎಂದೆ. ಆ ಸೀಸನ್ನಿನ ಲಾಭ ಎಲ್ಲ ಅದಕ್ಕೇ ಹೋಯಿತು, ಹೆಂಡತಿಯ ಬಳೆಯೂ ಸೊಸೈಟಿಯಲ್ಲಿ ಅಡವು ಬಿತ್ತು. ಬಾಕಿ ಹದಿನಾಲ್ಕು ಜನರಿಗೆ, "ಮುಂದಿನ ವರ್ಷಕ್ಕೆ ಮಾಡಿಕೊಡುತ್ತೇನೆ, ಈ ವರ್ಷ ಬೇರೆ ಕಡೆ ತೆಗೆದುಕೊಳ್ಳಿ" ಎಂದು ಹೇಳಿದೆ. ಅವರಲ್ಲಿ ಒಂಬತ್ತು ಜನ ಕಾದರು.

ಆ ಮಳೆಗಾಲ ಕೂತು ಲೆಕ್ಕ ಹಾಕಿದಾಗ ಗೊತ್ತಾದದ್ದು, ನಮ್ಮ ಅಡ್ಡಿ ಬಿಡಿಭಾಗವೂ ಅಲ್ಲ, ಜನವೂ ಅಲ್ಲ. ಬೋರ್ಡು ಬೆಸೆಯುವವರು ಇಬ್ಬರಿದ್ದರು. ಟ್ರಾನ್ಸ್‌ಫಾರ್ಮರ್ ಸುತ್ತುವ ಅಕ್ಕ ಒಬ್ಬರಿದ್ದರು, ಮೊದಲ ದಿನದಿಂದ ನನ್ನ ಜೊತೆ ಇರುವವರು. ಅವರೆಲ್ಲ ಸೇರಿದರೆ ತಿಂಗಳಿಗೆ ಮೂವತ್ತು ಸುಲಭ. ಆದರೆ ಎಲ್ಲ ಆಂಪ್ಲಿಗಳೂ ಕೊನೆಗೆ ಒಂದೇ ಬೆಂಚಿಗೆ ಬರಬೇಕು, ಅಲ್ಲಿ ಒಬ್ಬನೇ ಕೂರುವುದು, ನಾನು. ಬಯಾಸ್ (ಸದ್ದಿಲ್ಲದಾಗಲೂ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಸಣ್ಣ ಕರೆಂಟು) ಕೂರಿಸುವುದು, ಬಿಸಿ ನೋಡುವುದು, ಕೇಳುವುದು ಎಲ್ಲ ನನ್ನ ಕೈಯಲ್ಲಿ, ನನ್ನ ಕಿವಿಯಲ್ಲಿ ಇತ್ತು. ಬೇಡಿಕೆ ಬಂದಾಗ ಬಗ್ಗಿದ್ದೂ ಅಲ್ಲಿಯೇ.

ಹಾಗಾಗಿ 2022ರಲ್ಲಿ ದುಡ್ಡು ಹಾಕಿದ್ದು ಮೆಷಿನ್ನಿಗೆ ಅಲ್ಲ. ಇಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದ ಊರಿನ ಹುಡುಗಿಯೊಬ್ಬಳನ್ನು ಟೆಸ್ಟಿಂಗಿಗೆ ತೆಗೆದುಕೊಂಡೆ. ನಾನು ಮಾಡುವುದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಅವಳ ಕೈಗೆ ಕೊಟ್ಟೆ. "ಹೀಟ್‌ಸಿಂಕ್ ಕೈಗೆ ತುಂಬ ಬಿಸಿ ಹತ್ತಬಾರದು" ಎಂದು ಒಂದು ಸಾಲು ಇತ್ತು.

"ಸರ್, ತುಂಬ ಅಂದರೆ ಎಷ್ಟು?" ಎಂದು ಕೇಳಿದಳು.

ಹದಿಮೂರು ವರ್ಷದಲ್ಲಿ ನಾನು ಅದನ್ನು ಅಳೆದೇ ಇರಲಿಲ್ಲ. ಇಬ್ಬರೂ ಥರ್ಮಾಮೀಟರ್ ಇಟ್ಟು, ನಾನು ಕೈ ಇಟ್ಟು "ಈಗ ಜಾಸ್ತಿ" ಎಂದಾಗ ಓದಿದೆವು. 65 ಡಿಗ್ರಿ. ಹಾಳೆಯಲ್ಲಿ 65 ಎಂದು ತಿದ್ದಿದಳು. ಹೀಗೆ ಒಂದೊಂದು ಸಾಲಿಗೂ ಅವಳು ಎಷ್ಟು, ಎಷ್ಟು ಹೊತ್ತು, ಇಲ್ಲದಿದ್ದರೆ ಏನು ಎಂದು ಕೇಳಿದಳು. ಮೂರು ತಿಂಗಳಲ್ಲಿ ಒಂದು ಹಾಳೆ ನಾಲ್ಕು ಹಾಳೆಯಾಯಿತು. ನಾನು ಮಾಡಿದ ಸರ್ಕಿಟ್‌ಗಳೆಲ್ಲಕ್ಕಿಂತ ಆ ನಾಲ್ಕು ಹಾಳೆ ದೊಡ್ಡದು ಎಂದು ನನಗೆ ಅನ್ನಿಸುತ್ತದೆ.

ಈಗ ನಡೆಯುವ ಕ್ರಮ ಹೀಗಿದೆ. ಹೊಸ ಬೋರ್ಡಿಗೆ ಮೊದಲ ಕರೆಂಟು ಸೀರೀಸ್ ಲ್ಯಾಂಪಿನ ಮೂಲಕ. ನೂರು ವಾಟಿನ ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್. ಆಮೇಲೆ ಸ್ಪೀಕರ್ ಟರ್ಮಿನಲ್ಲಿನಲ್ಲಿ ಡಿಸಿ 30 ಮಿಲಿವೋಲ್ಟಿಗಿಂತ ಕೆಳಗಿರಬೇಕು. 0.22 ಓಮಿನ ಎಮಿಟರ್ ರೆಸಿಸ್ಟರಿನ ಮೇಲೆ 11 ಮಿಲಿವೋಲ್ಟ್ ಬರುವ ಹಾಗೆ ಪ್ರಿಸೆಟ್ ತಿರುಗಿಸಬೇಕು, ಅಂದರೆ 50 ಮಿಲಿಆಂಪಿಯರ್ ಬಯಾಸ್. ಇಪ್ಪತ್ತು ನಿಮಿಷ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಬೇಕು, ತಣ್ಣಗಿದ್ದಾಗ ಕೂರಿಸಿ ಬಿಟ್ಟರೆ ಪ್ರಯೋಜನವಿಲ್ಲ. ವೋಲ್ಟೇಜು ಏರಿಳಿಸುವ ಡಿಮ್ಮರ್‌ಸ್ಟ್ಯಾಟಿನಲ್ಲಿ ಲೈನನ್ನು 170ಕ್ಕೆ ಇಳಿಸಿ ಒಂದು ಗಂಟೆ, 270ಕ್ಕೆ ಏರಿಸಿ ಎರಡು ಗಂಟೆ. ಕೊನೆಗೆ ಡಮ್ಮಿ ಲೋಡಿಗೆ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಮೊರೆತದಂಥ ಸದ್ದು), ಪೂರ್ತಿ ಶಕ್ತಿಯ ಎಂಟನೇ ಒಂದು ಭಾಗದಲ್ಲಿ, ಹನ್ನೆರಡು ಗಂಟೆ, ನಡುನಡುವೆ ಪೂರ್ತಿ ಶಕ್ತಿಯ ಹೊಡೆತ. ಟ್ರಾನ್ಸಿಸ್ಟರ್ ಯಾರಿಂದಲೇ ಬರಲಿ, ಲಾಟಿನಿಂದ ಎರಡನ್ನು ಒಡೆದು ಒಳಗೆ ನೋಡುತ್ತೇವೆ. ಹಾಳೆಯ ಕೆಳಗೆ ಅವಳ ಸಹಿ ಇಲ್ಲದೆ ಆಂಪ್ಲಿ ಬಾಗಿಲು ದಾಟುವುದಿಲ್ಲ. ನಾನು ಕೇಳಿದರೂ ಇಲ್ಲ.

ಬೇಡಿಕೆ ಇಳಿದಿಲ್ಲ, ಏರುತ್ತಲೇ ಇದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎನ್ನುವ ನಿಯಮ 2000ದಿಂದಲೇ ಇದೆ, ಅದರ ಬಿಗಿ ಈಚೆಗೆ ಹೆಚ್ಚಾದ ಹಾಗೆ ನಮ್ಮ ಕಡೆ ಕಾಲಮಿತಿಯ ಆಟಗಳು ಹೆಚ್ಚಿವೆ. ಊರಿಗೆಲ್ಲ ಕೇಳುವ ಹಾರ್ನು ಯಾರಿಗೂ ಬೇಡ, ಕೂತವರಿಗೆ ಚೆನ್ನಾಗಿ ಕೇಳಬೇಕು. ಎರಡು ದೊಡ್ಡ ಬಾಕ್ಸಿನ ಬದಲು ಆರು ಚಿಕ್ಕದು ಹಂಚಿ ಇಡುತ್ತಾರೆ, ಅದಕ್ಕೆ ಚಿಕ್ಕ ಆಂಪ್ಲಿಗಳು ಹೆಚ್ಚು ಬೇಕು. ಯೂಟ್ಯೂಬ್ ಲೈವಿನವರು ಬೇರೆ ಲೈನ್ ಔಟ್ ಕೇಳುತ್ತಾರೆ. ದೊಡ್ಡದು ಮಾಡಿ ಎಂದೂ ಕೇಳುವವರಿದ್ದಾರೆ. ಲೈನಿನಿಂದ 2000 ವಾಟು ಅಥವಾ ಅದಕ್ಕಿಂತ ಹೆಚ್ಚು ಎಳೆಯುವ ಆಂಪ್ಲಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿ ಕಡ್ಡಾಯ, ಲ್ಯಾಬಿನ ಖರ್ಚು ಬೇರೆ. ಆ ದಾರಿ ನಮ್ಮದಲ್ಲ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಬೇಡಿಕೆ ಏರುವಾಗಲೇ ಕೈ ಖಾಲಿಯಾಗುವುದು. ಮೊದಲೆಲ್ಲ ಸೆಟ್ಟು ಕೊಟ್ಟು, ಪತ್ತನಾಜೆ (ಮೇ ಕೊನೆಗೆ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ದುಡ್ಡು ತೆಗೆದುಕೊಳ್ಳುತ್ತಿದ್ದೆ. ಹತ್ತಕ್ಕೆ ಅದು ನಡೆಯುತ್ತದೆ, ಮೂವತ್ತಕ್ಕೆ ನಡೆಯುವುದಿಲ್ಲ. ಈಗ ನೂರಕ್ಕೆ ನಲವತ್ತು ಮುಂಗಡ, ಅದರಲ್ಲಿ ತಾಮ್ರ ಮತ್ತು ಟ್ರಾನ್ಸಿಸ್ಟರು ಅದೇ ವಾರ ಖರೀದಿ. ಹೇಳಿದ ರೇಟು ಹದಿನೈದು ದಿನಕ್ಕೆ ಮಾತ್ರ. ಕೇಳಿದಾಗ ಮುಖ ಸಪ್ಪಗಾದವರಿದ್ದಾರೆ, ಬಿಟ್ಟುಹೋದವರು ಇಬ್ಬರೇ. ಒಂದು ದೊಡ್ಡ ಕಾಂಟ್ರಾಕ್ಟಿನವರು ಐದು ತಿಂಗಳು ದುಡ್ಡು ತಡೆಹಿಡಿದಿದ್ದರು. ನಮ್ಮದು ಉದ್ಯಮ್ (ಸಣ್ಣ ಉದ್ದಿಮೆಗಳ ಸರಕಾರಿ) ನೋಂದಣಿ ಇರುವ ಘಟಕ, ಕಾನೂನಿನ ಪ್ರಕಾರ ಹೆಚ್ಚೆಂದರೆ 45 ದಿನದ ಒಳಗೆ ಕೊಡಬೇಕು ಎಂದು ಬರೆದು ಕಳಿಸಿದೆ. 45 ದಿನ ದಾಟಿ, ಮಾರ್ಚ್ ಕೊನೆಗೂ ಕೊಡದೆ ಉಳಿಸಿದ ಬಾಕಿಯನ್ನು ಅವರು ಆ ವರ್ಷದ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮ ಬಂದ ಮೇಲೆ ಇಂಥ ಪತ್ರಕ್ಕೆ ತೂಕ ಬಂದಿದೆ. ಮಾರ್ಚ್ ಮುಗಿಯುವ ಮೊದಲು ದುಡ್ಡು ಬಂತು.

ಈಗ ತಿಂಗಳಿಗೆ ಇಪ್ಪತ್ತೆಂಟು ಮಾಡುತ್ತೇವೆ. ಅದಕ್ಕಿಂತ ಒಂದು ಹೆಚ್ಚು ಒಪ್ಪಿಕೊಳ್ಳುವುದಿಲ್ಲ.

ಇದನ್ನು ಬರೆಯುತ್ತಿರುವುದು ಆಷಾಢದಲ್ಲಿ. ಹೊರಗೆ ಮಳೆ ಬಿಟ್ಟಿಲ್ಲ. ಗಾಳಿಯಲ್ಲಿ ಉಪ್ಪು, ತೇವ. ಒಳಗೆ ಅಕ್ಕ ಟೊರಾಯ್ಡ್ (ಉಂಗುರದ ಆಕಾರದ ಟ್ರಾನ್ಸ್‌ಫಾರ್ಮರ್) ಸುತ್ತುತ್ತಿದ್ದಾರೆ. ಚಿಕ್ಕ ಮಾಡೆಲ್ಲಿಗೆ ಪ್ರೈಮರಿ, ಅಂದರೆ ಲೈನಿನ ಕಡೆಯದು, ಐನೂರರ ಹತ್ತಿರ ಸುತ್ತು. ಮೆಷಿನ್ನಿನಲ್ಲಿ ಕೌಂಟರ್ ಇದೆ, ಆದರೂ ನೂರಕ್ಕೊಮ್ಮೆ ಒಂದು ಹುಣಸೆಬೀಜ ಡಬ್ಬಿಗೆ ಹಾಕುತ್ತಾರೆ. ಸುತ್ತಿ ಮುಗಿದದ್ದು ವಾರ್ನಿಶ್ ಕುಡಿದು, ಬಲ್ಬು ಉರಿಸಿಟ್ಟ ಮರದ ಪೆಟ್ಟಿಗೆಯಲ್ಲಿ ಎರಡು ದಿನ ಒಣಗುತ್ತದೆ. ಮಳೆಗಾಲದಲ್ಲಿ ಅರುವತ್ತು ಸುತ್ತಿಟ್ಟುಕೊಂಡರೆ ಅಕ್ಟೋಬರಿಗೆ ಉಸಿರು.

ಆಗಲೇ ಒಂದು ಫೋನು ಬಂತು. ಟೆಸ್ಟಿಂಗಿನ ಹುಡುಗಿ ಎತ್ತಿದಳು. ಅಕ್ಟೋಬರ್ ಕೊನೆಗೆ ನಾಲ್ಕು ಬೇಕಂತೆ. ಅವಳು ಗೋಡೆಯ ಕ್ಯಾಲೆಂಡರ್ ನೋಡಿ, ನನ್ನನ್ನು ಕೇಳದೆ, "ನವೆಂಬರ್ ಇಪ್ಪತ್ತಕ್ಕೆ ಕೊಡಬಹುದು ಅಣ್ಣ, ಅದಕ್ಕೆ ಮೊದಲು ಆಗುವುದಿಲ್ಲ" ಎಂದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ ಮುಂಗಡ ಎಷ್ಟು ಕಳಿಸಬೇಕು ಎಂದು ಕೇಳಿದರು.