ಗಂಬೋ ಮಾಡೋಕೆ ಮುಂಚೆ ಫೋನ್ ಪಕ್ಕದ ರೂಮಲ್ಲಿಡಿ

ತಮಾಷೆ ಅಲ್ಲ, ನಿಜವಾಗ್ಲೂ ಇಡಿ. ಅಮೆರಿಕದ ಲೂಸಿಯಾನಾ ರಾಜ್ಯದ ಬಯೂ (ನಿಧಾನಕ್ಕೆ ಹರಿಯೋ ಜೌಗು ಹಳ್ಳ) ಕಡೆಯ ಫ್ರೆಂಚ್ ಮೂಲದ ಕೇಜನ್ ಜನರ ಮನೆಗಳಲ್ಲಿ ಚಿಕನ್ ಗಂಬೋ (ಕೋಳಿ, ಸಾಸೇಜ್ ಹಾಕಿದ ಸಾರು) ಶುರುವಾಗೋದೇ ರೂ ಇಂದ (ರೂಪಾಯಿ ರೂ ಅಲ್ಲ, ಎಣ್ಣೇಲಿ ಹುರಿದ ಮೈದಾ), ಅದು ಒಲೆ ಮೇಲಿದ್ದಾಗ ಯಾರ ಫೋನೂ ಎತ್ತೋ ಹಾಗಿಲ್ಲ.

ಎಂಟು ಜನಕ್ಕೆ ಒಂದು ಕಪ್ ಎಣ್ಣೆ, ಒಂದು ಕಪ್ ಮೈದಾ. ಬೆಣ್ಣೆ ಬೇಡ, ಇಷ್ಟು ಹೊತ್ತು ಹುರಿದ್ರೆ ಸೀದು ಹೋಗುತ್ತೆ. ದಪ್ಪ ತಳದ ಪಾತ್ರೆ, ಮಧ್ಯಮ ಉರಿ, ಮರದ ಸೌಟು, ತಳ ಮೂಲೆ ಬಿಡದೆ ತಿರುಗಿಸ್ತಾನೇ ಇರಿ. ಮೊದ್ಲು ಬಿಳಿ, ಆಮೇಲೆ ಕಡಲೆಕಾಯಿ ಬಣ್ಣ, ಆಮೇಲೆ ತಾಮ್ರ, ಇಲ್ಲೇ ಸಾಕು ಅನ್ಸುತ್ತೆ ಆದ್ರೆ ನಿಲ್ಲಿಸ್ಬೇಡಿ, ಡಾರ್ಕ್ ಚಾಕೊಲೇಟ್ ಬಣ್ಣ ಬರೋವರೆಗೂ ಹೋಗ್ಬೇಕು, ಸುಮಾರು 40 ನಿಮಿಷ. ಮೈಸೂರು ಪಾಕ್ ಮಾಡಿದವರಿಗೆ ಈ ಟೆನ್ಷನ್ ಗೊತ್ತು, ಹದ ತಪ್ಪೋಕೆ ಅರ್ಧ ನಿಮಿಷ ಸಾಕು. ಕಪ್ಪು ಚುಕ್ಕೆ ಕಂಡ್ರೆ ಚೆಲ್ಲಿ ಹೊಸದಾಗಿ ಮಾಡಿ, ಆ ಕಹಿ ಏನ್ ಹಾಕಿದ್ರೂ ಹೋಗಲ್ಲ, ನಾನು ಸಾರು ಜಾಸ್ತಿ ಸುರಿದು ಉಳಿಸೋಕೆ ಹೋಗಿ ಕೋಳೀನೂ ಹಾಳು ಮಾಡ್ಕೊಂಡಿದ್ದೀನಿ. ಮೈಮೇಲೆ ಸಿಡಿದ್ರೆ ಅಂಟ್ಕೊಂಡು ಸುಡುತ್ತೆ, ಮಕ್ಕಳನ್ನ ದೂರ ಇಡಿ.

ಬಣ್ಣ ಬಂದ ತಕ್ಷಣ ಹೆಚ್ಚಿಟ್ಟ ಎರಡು ಈರುಳ್ಳಿ, ಒಂದು ಕ್ಯಾಪ್ಸಿಕಂ, ನಾಲ್ಕು ದಂಟು ಸೆಲರಿ ಸುರೀರಿ. ಈ ಮೂರಕ್ಕೆ ಅಲ್ಲಿ ಹೋಲಿ ಟ್ರಿನಿಟಿ ಅಂತಾರೆ. ತರಕಾರಿ ನೀರಿಗೆ ರೂ ಬಿಸಿ ಇಳಿಯುತ್ತೆ, ಬಣ್ಣ ಅಲ್ಲಿಗೇ ನಿಲ್ಲುತ್ತೆ, ನೀವೂ ಉಸಿರು ಬಿಡ್ಬೋದು. ಬೆಳ್ಳುಳ್ಳಿ, ಬೇರೆ ಹುರಿದಿಟ್ಟ 400 ಗ್ರಾಂ ಆಂಡೂಯಿ ಸಾಸೇಜ್ (ಹಂದಿ ಮಾಂಸದ್ದು, ಹೊಗೆ ಹಾಕಿರ್ತಾರೆ, ಸಿಗ್ಲಿಲ್ಲ ಅಂದ್ರೆ ಬೇರೆ ಯಾವ್ದಾದ್ರೂ ಹೊಗೆ ಹಾಕಿದ ಸಾಸೇಜ್), ಎರಡೂವರೆ ಲೀಟರ್ ಬಿಸಿ ಚಿಕನ್ ಸ್ಟಾಕ್, ಉಪ್ಪು, ಖಾರದಪುಡಿ, ಥೈಮ್, ಬೇ ಲೀಫ್. ಟೊಮ್ಯಾಟೊ ಬೇಡ, ಅದು ನ್ಯೂ ಆರ್ಲಿಯನ್ಸ್ ನಗರದ ಕ್ರಿಯೋಲ್ ಅಡುಗೆಯವ್ರ ಅಭ್ಯಾಸ, ಕೇಜನ್ ಅಜ್ಜಿ ಮುಂದೆ ಹಾಕಿದ್ರೆ ಬೈಸ್ಕೊತೀರ.

ಈಗ ಮೂಳೆ ಸಮೇತ ಒಂದೂವರೆ ಕೆಜಿ ಕೋಳಿ. ಬಲಿತ ಕೋಳಿ ಸಿಕ್ರೆ ಇನ್ನೂ ರುಚಿ, ಜಾಸ್ತಿ ಹೊತ್ತು ಬೇಯಿಸ್ಬೇಕು ಅಷ್ಟೇ. ಅಲ್ಲಿನ ಮಾಮೂ, ಯೂನಿಸ್ ಊರುಗಳಲ್ಲಿ ಮಾರ್ಡಿ ಗ್ರಾ (ಈಸ್ಟರ್ ಮುಂಚಿನ ಉಪವಾಸ ಶುರುವಾಗೋ ಹಿಂದಿನ ದಿನದ ಹಬ್ಬ) ದಿನ ಮುಖವಾಡ ಹಾಕ್ಕೊಂಡು ಮನೆ ಮನೆಗೆ ಹೋಗಿ ಹಾಡಿ ಕುಣಿದು ಗಂಬೋಗೆ ಸಾಮಾನು ಬೇಡ್ತಾರೆ, ಮನೆಯವ್ರು ಜೀವಂತ ಕೋಳಿ ಬಿಟ್ರೆ ಕೆಸರಲ್ಲಿ ಬಿದ್ದು ಎದ್ದು ಹಿಡೀಬೇಕು. ಈ ಕೇಜನ್ ಜನರ ಹಿರೀಕರನ್ನ 1755ರಿಂದ ಬ್ರಿಟಿಷರು ಕೆನಡಾ ಕಡೆಯ ಅಕೇಡಿಯಾದಿಂದ ಓಡಿಸಿದ್ರು, ಅಕೇಡಿಯನ್ ಅನ್ನೋದೇ ಬಾಯಲ್ಲಿ ಸವೆದು ಕೇಜನ್ ಆಗಿದ್ದು. 1921ರ ಲೂಸಿಯಾನಾ ರಾಜ್ಯ ಸಂವಿಧಾನ ಶಾಲೇಲಿ ಇಂಗ್ಲಿಷ್ ಮಾತ್ರ ಅಂದ ಮೇಲೆ ಫ್ರೆಂಚ್ ಮಾತಾಡಿದ ಮಕ್ಕಳಿಗೆ ಶಿಕ್ಷೆ ಬೇರೆ, ಆದ್ರೂ ಬೇಡೋ ಹಾಡು ಇವತ್ತಿಗೂ ಫ್ರೆಂಚಲ್ಲೇ.

ಸಣ್ಣ ಉರೀಲಿ ಒಂದೂವರೆ ಗಂಟೆ. ಮೇಲೆ ತೇಲೋ ಎಣ್ಣೆ ತೆಗೀರಿ, ಮೂಳೆ ಬಿಡಿಸಿ, ಈರುಳ್ಳಿ ಸೊಪ್ಪು ಉದುರಿಸಿ. ಸಾರಿನ ಥರ ತೆಳ್ಳಗಿದ್ರೆ ಗಾಬರಿ ಬೇಡ, ರೂ ಕಪ್ಪಾದಷ್ಟೂ ಗಟ್ಟಿ ಮಾಡೋ ಶಕ್ತಿ ಕಮ್ಮಿ. ಅನ್ನದ ಮೇಲೆ ಹಾಕ್ಕೊಂಡು ತಿನ್ನೋದು, ಕೆಲವರು ಅದೇ ಬಟ್ಟಲಿಗೆ ಆಲೂಗಡ್ಡೆ ಸಲಾಡ್ ಕೂಡ ಹಾಕ್ಕೊತಾರೆ, ಒಂದ್ಸಲ ನೋಡಿ.

ಅಂದಹಾಗೆ ಗಂಬೋ ಅನ್ನೋ ಪದ ಬಂದಿದ್ದು ಆಫ್ರಿಕಾದವ್ರು ಬೆಂಡೆಕಾಯಿಗೆ ಹೇಳೋ ಹೆಸರಿಂದ, ಇಲ್ಲಿ ನೋಡಿದ್ರೆ ಬೆಂಡೆಕಾಯೇ ಇಲ್ಲ! ಅದರ ಬದ್ಲು ಫಿಲೆ, ಅಂದ್ರೆ ಸಸಾಫ್ರಾಸ್ ಅನ್ನೋ ಮರದ ಎಲೆ ಪುಡಿ, ಅಲ್ಲಿನ ಮೂಲನಿವಾಸಿ ಚಾಕ್ಟಾ ಜನರಿಂದ ಬಂದಿದ್ದು. ಪಾತ್ರೆಗೆ ಹಾಕಿ ಕುದಿಸಿದ್ರೆ ದಾರ ದಾರ ಲೋಳೆ ಆಗುತ್ತೆ, ಅವರವರ ಬಟ್ಟಲಿಗೆ ಚಿಟಿಕೆ ಹಾಕ್ಕೊಳ್ಳಿ, ಆಗ ಮಿಕ್ಕಿದ್ದನ್ನ ನಾಳೆ ಧೈರ್ಯವಾಗಿ ಬಿಸಿ ಮಾಡ್ಬೋದು.