ಕರ್ಸರ್ ದಪ್ಪಗಾಯಿತೇ? ಎಡಿಟರ್ ಕಿತ್ತುಹಾಕುವ ಮೊದಲು ಹೀಗೆ ಮಾಡಿ

ಪ್ರೋಗ್ರಾಂ ಬರೆಯುವ ವಿಎಸ್ ಕೋಡ್ ಎಡಿಟರಿನಲ್ಲಿ ಸೆಮಿಕೋಲನ್ ಹಾಕಲು ಹೋದರೆ ಮುಂದಿದ್ದ ಆವರಣ ಚಿಹ್ನೆ ಮಾಯ. ಬಾಣದ ಕೀ ಒಂದೇ ಸಲ ಒತ್ತಿದರೂ ನಾಲ್ಕು ಜಾಗ ಹಾರುತ್ತದೆ. ಟ್ಯಾಬ್ ಒತ್ತಿದರೆ ಸಾಲು ಒಳಸರಿಯುವುದಿಲ್ಲ, ಕರ್ಸರೇ ಎಡಿಟರ್ ಬಿಟ್ಟು ಬೇರೆಲ್ಲೋ ಹೋಗಿ ಕೂರುತ್ತದೆ. ಕಾಲೇಜು ಲ್ಯಾಬಿನಲ್ಲಿ ಇದಕ್ಕೆ ಪಕ್ಕದವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕು. ಅದು ಡೇಟಾ ದಂಡ. ವಿಂಡೋಸ್‌ನಲ್ಲಿ ವಿಎಸ್ ಕೋಡ್ ತೆಗೆದುಹಾಕಿದರೂ ಸೆಟ್ಟಿಂಗ್‌ಗಳು ಆ್ಯಪ್‌ಡೇಟಾ ಫೋಲ್ಡರಿನಲ್ಲಿ, ಎಕ್ಸ್‌ಟೆನ್ಷನ್‌ಗಳು (ಎಡಿಟರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳು) ನಿಮ್ಮ ಯೂಸರ್ ಫೋಲ್ಡರಿನಲ್ಲಿ ಹಾಗೇ ಉಳಿದಿರುತ್ತವೆ. ಹೊಸದಾಗಿ ಹಾಕಿದ ಎಡಿಟರ್ ಬಂದ ಕೂಡಲೇ ಅದೇ ಹಳೇ ಚಾಳಿ ಹಿಡಿಯುತ್ತದೆ.

ಮೊದಲು ಕೀಬೋರ್ಡಿನಿಂದ ಕೈ ತೆಗೆದು ಎರಡೇ ಜಾಗ ನೋಡಿ: ಕರ್ಸರಿನ ಆಕಾರ ಮತ್ತು ಕಿಟಕಿಯ ತಳದಲ್ಲಿರುವ ಸ್ಟೇಟಸ್ ಬಾರ್. ಬಹುಪಾಲು ಉತ್ತರ ಅಲ್ಲೇ ಬರೆದಿರುತ್ತದೆ.

ಸಣ್ಣ ಗೆರೆ ಹೋಗಿ ಡಬ್ಬಿ ಬಂದಿದ್ದರೆ

ಸಾಮಾನ್ಯ ಕರ್ಸರ್ ನಿಂತ ತೆಳು ಗೆರೆ. ಅದು ಅಕ್ಷರವನ್ನೇ ಮುಚ್ಚುವ ಡಬ್ಬಿಯಾಗಿದ್ದು, ಸ್ಟೇಟಸ್ ಬಾರಿನಲ್ಲಿ 'ಓವಿಆರ್' ಎಂಬ ಮೂರಕ್ಷರ ಕಂಡರೆ ನೀವು ಓವರ್‌ಟೈಪ್‌ನಲ್ಲಿದ್ದೀರಿ. ಹೊಸ ಅಕ್ಷರ ಹಳೆಯದನ್ನು ತಳ್ಳುವುದಿಲ್ಲ, ನುಂಗುತ್ತದೆ. ಇನ್ಸರ್ಟ್ ಕೀ ಒಂದು ಸಲ ಒತ್ತಿ, ಮುಗಿಯಿತು. ಕೀ ಸಿಗದಿದ್ದರೆ ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ ಕಮಾಂಡ್ ಪ್ಯಾಲೆಟ್ ತೆರೆದು 'ಓವರ್‌ಟೈಪ್' ಎಂದು ಹುಡುಕಿ, ಬಂದ ಟಾಗಲ್ ಆಜ್ಞೆಗೆ ಎಂಟರ್ ಕೊಡಿ.

'ಇಷ್ಟು ವರ್ಷ ಇನ್ಸರ್ಟ್ ಒತ್ತಿದರೂ ಏನೂ ಆಗುತ್ತಿರಲಿಲ್ಲವಲ್ಲ' ಎನ್ನುವವರ ಮಾತೂ ಸುಳ್ಳಲ್ಲ. ಎಕ್ಲಿಪ್ಸ್, ಪೈಚಾರ್ಮ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಬೇರೆ ಎಡಿಟರ್‌ಗಳಲ್ಲಿ ಈ ಕೀ ಹಿಂದಿನಿಂದಲೂ ಹೀಗೇ ನಡೆದುಕೊಳ್ಳುತ್ತದೆ. ವಿಎಸ್ ಕೋಡ್‌ಗೆ ಓವರ್‌ಟೈಪ್ ಬಂದದ್ದು 2024ರ ಡಿಸೆಂಬರಿನಲ್ಲಿ. ತಿಂಗಳುಗಟ್ಟಲೆ ಅಪ್‌ಡೇಟ್ ಆಗದ ಕಂಪ್ಯೂಟರ್ ಒಮ್ಮೆಲೇ ಹೊಸ ಆವೃತ್ತಿಗೆ ಹಾರಿದರೆ, ಸತ್ತಂತಿದ್ದ ಕೀಗೆ ಒಂದೇ ದಿನದಲ್ಲಿ ಜೀವ ಬರುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೊಂದು ಅಡ್ಡದಾರಿಯಿದೆ. ಸಕಲೇಶಪುರ, ಮೂಡಿಗೆರೆ ಕಡೆ ಕರೆಂಟು ಹೋಗಿ ಬಂದು ಡೆಸ್ಕ್‌ಟಾಪ್ ಮತ್ತೆ ಶುರುವಾದಾಗ ಎಷ್ಟೋ ಯಂತ್ರಗಳಲ್ಲಿ ನಮ್ ಲಾಕ್ ಆರಿರುತ್ತದೆ. ಆಗ ಬಲಗಡೆಯ ಅಂಕಿ ಪಟ್ಟಿಯ ಸೊನ್ನೆ ಕೀ ಸೊನ್ನೆಯಾಗಿ ಉಳಿಯದೆ ಇನ್ಸರ್ಟ್ ಆಗಿಬಿಡುತ್ತದೆ. 100 ಎಂದು ಹೊಡೆಯಲು ಹೋದವರ ಒಂದು, ಎಂಡ್ ಕೀಯಾಗಿ ಕರ್ಸರನ್ನು ಸಾಲಿನ ಕೊನೆಗೆ ಒಯ್ಯುತ್ತದೆ. ಎರಡು ಸೊನ್ನೆ ಓವರ್‌ಟೈಪನ್ನು ಹಾಕಿ ತೆಗೆಯುತ್ತವೆ. ಒಂದೇ ಸೊನ್ನೆ ಇದ್ದರೆ ಹಾಕಿದ್ದು ಹಾಕಿದಂತೆಯೇ ಉಳಿಯುತ್ತದೆ. ನಮ್ ಲಾಕ್ ದೀಪ ನೋಡಿಕೊಂಡರೆ ಸಾಕು. ಇನ್ಸರ್ಟ್ ಕೀಯ ಕಾಟವೇ ಬೇಡವೆಂದರೆ ಕಂಟ್ರೋಲ್ ಹಿಡಿದು ಕೆ, ಆಮೇಲೆ ಎಸ್ ಒತ್ತಿ ಶಾರ್ಟ್‌ಕಟ್ ಪಟ್ಟಿ ತೆರೆಯಿರಿ. ಅಲ್ಲಿ ಓವರ್‌ಟೈಪ್ ಹುಡುಕಿ, ಬಲ ಕ್ಲಿಕ್ ಮಾಡಿ 'ರಿಮೂವ್ ಕೀಬೈಂಡಿಂಗ್' ಆರಿಸಿ.

ಡಬ್ಬಿಯಿದೆ, ಆದರೆ ಕೆಳಗೆ 'ನಾರ್ಮಲ್' ಎಂದಿದೆ. ಹಾಗಿದ್ದರೆ ಅದು ವಿಮ್ ಎಕ್ಸ್‌ಟೆನ್ಷನ್, ಅಂದರೆ ವಿಮ್ ಎಂಬ ಇನ್ನೊಂದು ಎಡಿಟರಿನ ಕೀಗಳನ್ನು ಇಲ್ಲಿಗೆ ತರುವಂಥದ್ದು. ಇಲ್ಲಿ ಅಕ್ಷರದ ಕೀಗಳೆಲ್ಲ ಆಜ್ಞೆಗಳು: ಡಿ ಎರಡು ಸಲ ಒತ್ತಿದರೆ ಇಡೀ ಸಾಲು ಹೋಗುತ್ತದೆ, ಯು ಒತ್ತಿದರೆ ವಾಪಸ್ ಬರುತ್ತದೆ. ಬರೆಯಲು ಐ, ಆಜ್ಞೆಗೆ ಮರಳಲು ಎಸ್ಕೇಪ್. ಬಾಣದ ಬದಲು ಎಚ್, ಜೆ, ಕೆ, ಎಲ್ ಏಕೆ ಎನ್ನುವವರಿಗೆ: 1970ರ ದಶಕದಲ್ಲಿ ಬಿಲ್ ಜಾಯ್ ವಿಮ್‌ನ ಪೂರ್ವಜ ವಿಐ ಎಡಿಟರ್ ಬರೆದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳನ್ನು ಮುದ್ರಿಸಿದ್ದದ್ದು ಆ ನಾಲ್ಕು ಕೀಗಳ ಮೇಲೆಯೇ. ವಿಮ್ ಬೇಡದಿದ್ದರೆ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಡಿಸೇಬಲ್ ಮಾಡಿ. ನಾನು ಹಾಕಿಯೇ ಇಲ್ಲವಲ್ಲ ಎಂದರೆ ಎಡಬದಿಯ ಅಕೌಂಟ್ ಗುರುತು ನೋಡಿ. ಲ್ಯಾಬಿನಲ್ಲಿ ಹಿಂದೆ ಕೂತವರು ಸೆಟ್ಟಿಂಗ್ಸ್ ಸಿಂಕ್‌ಗೆ (ಒಬ್ಬರ ಸೆಟ್ಟಿಂಗ್‌ಗಳನ್ನು ಅವರ ಖಾತೆಯ ಮೂಲಕ ಬೇರೆ ಕಂಪ್ಯೂಟರಿಗೂ ತರುವ ಸೌಲಭ್ಯ) ಲಾಗಿನ್ ಆಗಿ ಹಾಗೇ ಎದ್ದುಹೋಗಿದ್ದರೆ ಅವರ ಮನೆಯ ಅಭ್ಯಾಸವೆಲ್ಲ ನಿಮ್ಮ ಮುಂದೆ ಬಂದು ಕೂತಿರುತ್ತದೆ.

ಡಬ್ಬಿ ಇದ್ದರೂ ಟೈಪಿಂಗ್ ಸರಿಯಾಗಿಯೇ ಇದ್ದರೆ ಯಾರೋ 'ಕರ್ಸರ್ ಸ್ಟೈಲ್' ಬದಲಿಸಿದ್ದಾರೆ ಅಷ್ಟೆ. ಕಂಟ್ರೋಲ್ ಮತ್ತು ಅಲ್ಪವಿರಾಮ ಒತ್ತಿ ಸೆಟ್ಟಿಂಗ್ಸ್ ತೆರೆದು ಮತ್ತೆ 'ಲೈನ್' ಮಾಡಿ. ಎಡಿಟರಿನ ಕೆಳಭಾಗದಲ್ಲಿ ಆಜ್ಞೆ ಬರೆಯುವ ಟರ್ಮಿನಲ್‌ನ ಕರ್ಸರಿಗೆ ಬೇರೆಯೇ ಸೆಟ್ಟಿಂಗ್ ಇದೆ, ಇದನ್ನು ಬದಲಿಸಿ ಅದನ್ನು ಕಾಯಬೇಡಿ.

ಒಂದಿದ್ದದ್ದು ನಾಲ್ಕಾದಾಗ

ಆಲ್ಟ್ ಹಿಡಿದು ಕ್ಲಿಕ್ ಮಾಡಿದಲ್ಲೆಲ್ಲ ಹೊಸ ಕರ್ಸರ್ ಹುಟ್ಟುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಆಲ್ಟ್ ಜೊತೆ ಮೇಲಿನ ಅಥವಾ ಕೆಳಗಿನ ಬಾಣ ಒತ್ತಿದರೂ ಹಾಗೆಯೇ. ಎಸ್ಕೇಪ್ ಒತ್ತಿದರೆ ಒಂದೇ ಉಳಿಯುತ್ತದೆ. ಬರಿ ಶಿಫ್ಟ್ ಹಿಡಿದು ಬಾಣ ಒತ್ತಿದರೂ ಸಾಲು ಸಾಲಾಗಿ ಆಯ್ಕೆಯಾಗದೆ ಚೌಕಾಕಾರವಾಗಿ ಆಯ್ಕೆಯಾಗುತ್ತಿದ್ದರೆ ಎಸ್ಕೇಪ್ ಸಾಲದು. ಸೆಲೆಕ್ಷನ್ ಮೆನುವಿನಲ್ಲಿ 'ಕಾಲಂ ಸೆಲೆಕ್ಷನ್ ಮೋಡ್' ಮುಂದಿನ ಸರಿ ಗುರುತು ತೆಗೆಯಬೇಕು.

ಟ್ಯಾಬ್ ಒತ್ತಿದಾಗ ಕರ್ಸರ್ ಓಡಿಹೋಗುವುದಕ್ಕೆ ಕಾರಣ ಕಂಟ್ರೋಲ್ ಎಂ. ಪಕ್ಕದ ಕೀ ಹೊಡೆಯಲು ಹೋಗಿ ತಾಗುವಂಥದ್ದು. ಸ್ಟೇಟಸ್ ಬಾರಿನಲ್ಲಿ 'ಟ್ಯಾಬ್ ಮೂವ್ಸ್ ಫೋಕಸ್' ಎಂದು ಬರುತ್ತದೆ, ಅದನ್ನೇ ಮತ್ತೊಮ್ಮೆ ಒತ್ತಿ.

ಆಕಾರ ಸರಿ, ನಡಿಗೆ ತಪ್ಪು

ಸಾಲಿನ ಆರಂಭದ ಖಾಲಿ ಜಾಗದಲ್ಲಿ ಮಾತ್ರ ನಾಲ್ಕು ನಾಲ್ಕು ಹೆಜ್ಜೆ ಹಾರುತ್ತಿದೆಯೇ? 'ಸ್ಟಿಕಿ ಟ್ಯಾಬ್ ಸ್ಟಾಪ್ಸ್' ಆನ್ ಆಗಿದೆ. ಪೈಥಾನ್ ಬರೆಯುವವರು ಕೆಲವರು ಇದನ್ನು ಬೇಕೆಂದೇ ಇಟ್ಟುಕೊಳ್ಳುತ್ತಾರೆ, ತಪ್ಪೇನಿಲ್ಲ.

ಕಂಟ್ರೋಲ್ ಜೊತೆ ಬಾಣ ಒತ್ತಿದಾಗ ಪದ ಎಲ್ಲಿ ಮುಗಿಯುತ್ತದೆಂದು ತೀರ್ಮಾನಿಸುವುದು 'ವರ್ಡ್ ಸೆಪರೇಟರ್ಸ್' ಎಂಬ ಚಿಹ್ನೆಗಳ ಸಾಲು. ಅದರಲ್ಲಿ ಅಂಡರ್‌ಸ್ಕೋರ್ ಮೊದಲಿನಿಂದ ಇರುವುದಿಲ್ಲ, ಹಾಗಾಗಿ ಅಂಡರ್‌ಸ್ಕೋರ್‌ನಿಂದ ಜೋಡಿಸಿದ ಎರಡು ಪದಗಳನ್ನು ಒಂದೇ ಜಿಗಿತದಲ್ಲಿ ದಾಟುತ್ತದೆ. ಅದನ್ನು ಸೇರಿಸಿದರೆ ನಡುವೆ ನಿಲ್ಲುತ್ತದೆ, ಆದರೆ ಡಬಲ್ ಕ್ಲಿಕ್ ಮಾಡಿದಾಗಲೂ ಅರ್ಧ ಹೆಸರೇ ಆಯ್ಕೆಯಾಗುತ್ತದೆ. ಕಾಪಿ ಮಾಡಿದ ವೇರಿಯೇಬಲ್ ಅರ್ಧಂಬರ್ಧ ಬರುತ್ತಿದೆ ಎಂದು ಗೊಣಗುವವರು ಇದನ್ನೊಮ್ಮೆ ನೋಡಬೇಕು.

ಹೋಮ್ ಕೀ ಒಮ್ಮೆ ಸಾಲಿನ ಮೊದಲ ಅಕ್ಷರಕ್ಕೆ, ಮತ್ತೊಮ್ಮೆ ಒತ್ತಿದರೆ ಪೂರ್ತಿ ಎಡಕ್ಕೆ ಹೋಗುವುದು ಸಹಜವೇ. ಉದ್ದ ಸಾಲಿನ ಮಧ್ಯದಲ್ಲೇ ನಿಂತುಬಿಟ್ಟರೆ ವರ್ಡ್ ರ‍್ಯಾಪ್ ಆನ್ ಆಗಿದೆ: ಮಡಚಿದ ಪ್ರತಿ ತುಂಡನ್ನೂ ಒಂದು ಸಾಲಿನಂತೆ ಎಣಿಸುತ್ತದೆ. ಆಲ್ಟ್ ಜೆಡ್ ಒತ್ತಿ.

ಯಾರು ಬದಲಿಸಿದರು ಎಂದು ಹಿಡಿಯುವ ಕ್ರಮ

ಸೆಟ್ಟಿಂಗ್ಸ್ ಹುಡುಕು ಪೆಟ್ಟಿಗೆಯಲ್ಲಿ ಅಟ್ ಚಿಹ್ನೆ ಹಾಕಿ, ಜಾಗ ಬಿಡದೆ 'ಮಾಡಿಫೈಡ್' ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಮೂಲದಿಂದ ಬದಲಾದವು ಮಾತ್ರ ಉಳಿಯುತ್ತವೆ. ಯೂಸರ್, ವರ್ಕ್‌ಸ್ಪೇಸ್ ಎರಡೂ ಭಾಗ ನೋಡುವುದು ಮುಖ್ಯ. ಸ್ನೇಹಿತರ ಪ್ರಾಜೆಕ್ಟ್ ಇಳಿಸಿಕೊಂಡಾಗ ಅದರೊಳಗಿನ 'ಚುಕ್ಕೆ ವಿಎಸ್‌ಕೋಡ್' ಫೋಲ್ಡರ್ ತನ್ನದೇ ಸೆಟ್ಟಿಂಗ್ ತರುತ್ತದೆ, ಅದು ನಿಮ್ಮದನ್ನು ಮೀರುತ್ತದೆ. ಒಂದು ಪ್ರಾಜೆಕ್ಟಿನಲ್ಲಿ ಮಾತ್ರ ತೊಂದರೆ ಎಂದರೆ ಅನುಮಾನ ನೇರ ಅದರ ಮೇಲೆಯೇ ಇರಲಿ.

ಅಲ್ಲೂ ಸಿಗದಿದ್ದರೆ ಕಮಾಂಡ್ ಪ್ಯಾಲೆಟ್‌ನಿಂದ 'ರೀಲೋಡ್ ವಿತ್ ಎಕ್ಸ್‌ಟೆನ್ಷನ್ಸ್ ಡಿಸೇಬಲ್ಡ್' ಕೊಡಿ. ಸರಿಹೋಯಿತೇ? ಹಾಗಿದ್ದರೆ ಕಳ್ಳ ಎಕ್ಸ್‌ಟೆನ್ಷನ್‌ಗಳ ನಡುವೆ ಇದ್ದಾನೆ. ಒಂದೊಂದಾಗಿ ಡಿಸೇಬಲ್ ಮಾಡುತ್ತಾ ಕೂರಬೇಡಿ. 'ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್' ಅರ್ಧದಷ್ಟನ್ನು ಡಿಸೇಬಲ್ ಮಾಡಿ ಸರಿಯಿದೆಯೇ ಎಂದು ಕೇಳುತ್ತದೆ, ಉಳಿದದ್ದರಲ್ಲಿ ಮತ್ತೆ ಅರ್ಧ. 30 ಎಕ್ಸ್‌ಟೆನ್ಷನ್ ಇದ್ದರೂ ಐದಾರು ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಒಂದು ನಿರ್ದಿಷ್ಟ ಕೀ ಮಾತ್ರ ತಪ್ಪು ಮಾಡುತ್ತಿದ್ದರೆ 'ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್' ಆನ್ ಮಾಡಿ ಆ ಕೀ ಒತ್ತಿ. ಯಾವ ಕೀ ಬಂತು, ಅದು ಯಾವ ಆಜ್ಞೆಗೆ ಹೋಯಿತು ಎಂಬುದು ಔಟ್‌ಪುಟ್ ಭಾಗದಲ್ಲಿ ಸಾಲಾಗಿ ಮೂಡುತ್ತದೆ.

ಒತ್ತದ ಕೀ ಅಲ್ಲಿ ಕಂಡರೆ ಎಡಿಟರಿನ ತಪ್ಪಲ್ಲ, ಕೀಬೋರ್ಡಿನದು. ವಿಂಡೋಸ್, ಕಂಟ್ರೋಲ್, ಓ ಒತ್ತಿ ಪರದೆಯ ಕೀಬೋರ್ಡ್ ತೆರೆದರೆ ಅಂಟಿಕೊಂಡ ಕಂಟ್ರೋಲ್ ಅಥವಾ ಆಲ್ಟ್ ಬೆಳಗಿಯೇ ಇರುವುದು ಕಾಣುತ್ತದೆ. ತೇವದಲ್ಲಿ ತಿಂಗಳುಗಟ್ಟಲೆ ಇದ್ದ ಕೀಬೋರ್ಡಿಗೆ ಇದು ಹೊಸದಲ್ಲ. ಟೈಪ್ ಮಾಡುವಾಗ ಕರ್ಸರ್ ಇದ್ದಕ್ಕಿದ್ದಂತೆ ಬೇರೆ ಸಾಲಿಗೆ ಜಿಗಿಯುವುದಕ್ಕಂತೂ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಕಾರಣ ಅಂಗೈ ಟಚ್‌ಪ್ಯಾಡಿಗೆ ತಾಗುವುದು. ವಿಂಡೋಸ್ ಸೆಟ್ಟಿಂಗ್ಸ್‌ನ ಟಚ್‌ಪ್ಯಾಡ್ ಭಾಗದಲ್ಲಿ ಸೆನ್ಸಿಟಿವಿಟಿಯನ್ನು 'ಲೋ' ಮಾಡಿ.

ಕನ್ನಡ ಪಠ್ಯವಿರುವ ಫೈಲಿನಲ್ಲಿ

ಕನ್ನಡದ ಸಾಲಿನಲ್ಲಿ ಕರ್ಸರ್ ಒತ್ತಕ್ಷರದ ಹೊಟ್ಟೆಯೊಳಗೆ ನಿಂತಂತೆ ಕಂಡರೆ ಗಾಬರಿ ಬೇಡ. 'ಸ್ತ್ರೀ' ನಮಗೆ ಒಂದಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಅದು ಸ, ವಿರಾಮ, ತ, ವಿರಾಮ, ರ, ದೀರ್ಘ ಈ ಎಂಬ 6 ಸಂಕೇತಗಳು. ವಿಎಸ್ ಕೋಡ್‌ನಲ್ಲಿ ಬಾಣದ ಕೀ ಇದನ್ನು ಮೂರು ಹೆಜ್ಜೆಯಲ್ಲಿ ದಾಟುತ್ತದೆ, ಬ್ಯಾಕ್‌ಸ್ಪೇಸ್ ಒಂದೊಂದೇ ಸಂಕೇತ ಅಳಿಸುತ್ತಾ 6 ಸಲ ತೆಗೆದುಕೊಳ್ಳುತ್ತದೆ. ಮುಂದಿನಿಂದ ಡಿಲೀಟ್ ಒತ್ತಿದರೆ ಮೂರೇ ಸಲ. ಬಾಣ ಒತ್ತಿದರೂ ಕರ್ಸರ್ ಒಂದು ಸಲ ಅಲುಗದೆ ನಿಂತರೆ ಮಾತ್ರ ಅನುಮಾನಿಸಿ: ವೆಬ್ ಪುಟದಿಂದ ಕಾಪಿ ಮಾಡುವಾಗ ಯು+200ಬಿ ಎಂಬ ಅಗಲವೇ ಇಲ್ಲದ ಸ್ಪೇಸ್ ಜೊತೆಗೆ ಬಂದಿರುತ್ತದೆ. ಎಡಿಟರ್ ಅದರ ಸುತ್ತ ಸಣ್ಣ ಚೌಕ ಹಾಕಿ ತೋರಿಸುತ್ತದೆ. ಆ ಚೌಕದ ಬಲಕ್ಕೆ ಕರ್ಸರ್ ಇಟ್ಟು ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ.